ನವನೃತ್ಯಕ್ಕೆ ನಾನು ಬಿದ್ದ ಬಗೆ

ನನಗೆ ಕುಣಿಯಲು ಬರುವುದಿಲ್ಲ. ಅದನ್ನೊಂದು ಕೊರತೆ ಎಂದು ನಾನು ಯಾವತ್ತೂ ಭಾವಿಸಿದವನಲ್ಲ. ಈಜು ಬಾರದವನಿಗೆ ಹೊಳೆ ಕಂಡರೆ ಭಯ, ಸೈಕಲ್ ಬಾರದವನಿಗೆ ಇಳಿಜಾರು ಕಂಡರೆ ಭಯ. ಕುಣಿಯಲು ಬಾರದವನಿಗೆ ಮದುವೆ ದಿಬ್ಬಣದ ಬ್ಯಾಂಡ್ ಒಂದೇ ಗಂಡಾಂತರ. ಅದರಿಂದಲೂ ಚಪ್ಪಲಿ ಹುಡುಕುವ ನೆಪದಲ್ಲಿ ಪಾರಾಗಬಹುದು. ಹೀಗೆ ಪಾರಾಗುತ್ತಲೇ ಐವತ್ತು ದಾಟಿದ ನನ್ನನ್ನು ಕೊನೆಗೂ ವೇದಿಕೆ ಹತ್ತಿಸಿದವಳು ನನ್ನ ಹೆಂಡತಿಯ ತಂಗಿ ಭಾರ್ಗವಿ.

ಭಾರ್ಗವಿ ಪುಣೆಯಲ್ಲಿ ನವನೃತ್ಯ ಕಲಿಸುತ್ತಾಳೆ. ಅವಳಿಗೆ ಮೊದಲ ಹೆಜ್ಜೆ ಕಲಿಸಿದವರು ನಂದೊಳ್ಳಿಯ ನನ್ನ ಮಾವ. ಅವರು ತಮ್ಮ ಕಾಲದಲ್ಲಿ ಯಕ್ಷಗಾನದ ವೇಷಧಾರಿ. ಮಂಡಿಯಲ್ಲಿ ಗಿರಗಿರನೆ ತಿರುಗಿದರೆ ಜನ ಎದ್ದು ನಿಂತು ನೋಡುತ್ತಿದ್ದರಂತೆ. ಮಗಳು ಗೆಜ್ಜೆ ಬಿಚ್ಚಿಟ್ಟು ಬೇರೆ ದಾರಿ ಹಿಡಿದಾಗ ಅವರು ಸುಮ್ಮನಿದ್ದರು. ಆದರೆ ಅವಳ ಒಂದು ಪ್ರದರ್ಶನವನ್ನು ಯಾರೋ ಫೋನಿನಲ್ಲಿ ತೋರಿಸಿದ ದಿನ ತಡೆಯಲಾಗಲಿಲ್ಲ. "ಗೆಜ್ಜೆ ಇಲ್ಲೆ, ಪದ ಇಲ್ಲೆ, ನೆಲದ ಮೇಲೆ ಹೊರಳುದು. ಇದೆಂತ ಕುಣಿತ? ಹೊಟ್ಟೆನೋವು ಬಂದವು ಮಾಡುದಲ್ದಾ ಇದು?" ಎಂದುಬಿಟ್ಟರು. ಮಾತು ಪುಣೆಗೆ ಮುಟ್ಟಿತು. ಅಪ್ಪ ಮಗಳ ಮಾತು ನಿಂತಿತು.

ನನ್ನ ಕಷ್ಟ ಶುರುವಾದದ್ದು ಆಗ. ಮಾತು ಬಿಟ್ಟವರು ಪ್ರೀತಿ ಬಿಟ್ಟಿರಲಿಲ್ಲ. ನಾನು ಕಾಲೇಜಿನ ಕಚೇರಿಯಲ್ಲಿ ಕುಳಿತಿರುವಾಗ ಮಾವನ ಫೋನ್: "ಭಾರ್ಗವಿಗೆ ಜ್ವರ ಬಿಟ್ಟಿದ್ದಡಾ? ಆನು ಕೇಳಿದ್ದು ಹೇಳಿ ಗೊತ್ತಪ್ಪುದು ಬೇಡ." ಅದನ್ನು ಮುಗಿಸುವಷ್ಟರಲ್ಲಿ ಪುಣೆಯ ಫೋನ್: "ಭಾವ, ಅಪ್ಪಯ್ಯಂಗೆ ಬಿಪಿ ಗುಳಿಗೆ ತಪ್ಪದೆ ತಗಳಲೆ ಹೇಳಿ. ಆದರೆ ಆನು ಹೇಳಿದ್ದು ಹೇಳಿ ಹೇಳಡಿ." ಯಾರು ಹೇಳಿದ್ದನ್ನು ಯಾರಿಗೆ ಹೇಳಬಾರದು ಎಂದು ನೆನಪಿಡುವುದರಲ್ಲೇ ನನ್ನ ಬುದ್ಧಿಯೆಲ್ಲ ಖರ್ಚಾಗುತ್ತಿತ್ತು. ಒಮ್ಮೆ ತಪ್ಪಿ, ಮಾವನಿಗೇ "ಕ್ಲಾಸು ಮುಗಿದ ಮೇಲೆ ಸರಿಯಾಗಿ ಊಟ ಮಾಡವಡ" ಎಂದು ಅವರದೇ ಸಂದೇಶವನ್ನು ವಾಪಸು ತಲುಪಿಸಿದ್ದೆ.

ಈ ವರ್ಷ ಯಲ್ಲಾಪುರದಲ್ಲಿ ಭಾರ್ಗವಿಯ ಕಾರ್ಯಕ್ರಮ ಗೊತ್ತಾಯಿತು. ಕಳೆದ ಶತಮಾನದಲ್ಲಿ ನೃತ್ಯ ಹೇಗೆ ಹೊಸದಾಯಿತು ಎಂದು ಮಾತಾಡುತ್ತ, ನಡುನಡುವೆ ಆಡಿ ತೋರಿಸುವುದು. ನಾನು ನಂದೊಳ್ಳಿಗೆ ಹೋಗಿ ಕರೆದೆ. "ಆನು ಬಪ್ಪವ ಅಲ್ಲ" ಎಂದರು ಮಾವ. ಅದನ್ನು ಪುಣೆಯಿಂದ ಬಂದಿಳಿದ ಭಾರ್ಗವಿಗೆ ಹೇಳಬೇಕಾದವನೂ ನಾನೇ. ಅವಳು ಕೂದಲು ಗಂಟು ಹಾಕಿಕೊಂಡಳು.

ಕಾರ್ಯಕ್ರಮದ ಸಂಜೆ ಅವಳ ಜೊತೆಗಾರ ಗೋವೆಯಿಂದ ಬರಬೇಕಿತ್ತು. ಅರಬೈಲ್ ಘಟ್ಟದಲ್ಲಿ ಲಾರಿಯೊಂದು ಅಡ್ಡ ನಿಂತು, ಅವನ ಬಸ್ಸು ಅದರ ಹಿಂದೆ ಸಿಕ್ಕಿಕೊಂಡಿತು. ಭಾರ್ಗವಿ ಸುತ್ತ ನೋಡಿದಳು. ಕಣ್ಣು ನನ್ನ ಮೇಲೆ ನಿಂತಿತು.

"ನಡೆಯಲೆ ಬತ್ತು ಅಲ್ದಾ ಭಾವ?"

"ಬತ್ತು. ಆದರೆ ಕುಣಿಯಲೆ..."

"ನಡೆದರೆ ಸಾಕು. ಕಡೆಗೊಂದು ಸಲ ಮೆತ್ತಗೆ ಬೀಳವು, ಅಷ್ಟೇಯ."

ನಾನು ಆಸರೆಗಾಗಿ ಹೆಂಡತಿಯತ್ತ ನೋಡಿದೆ. "ನಿಂಗಕ್ಕೆ ಬೀಳಲೂ ಬತ್ತಿಲ್ಯಾ?" ಎಂದಳು ಅವಳು.

ಸಭಾಭವನ ತುಂಬಿತ್ತು. ಕಾಲಬೆರಳು ಕಟ್ಟಿಹಾಕುವ ಬ್ಯಾಲೆ ಬೂಟನ್ನು ಕಳಚಿ ಬರಿಗಾಲಲ್ಲಿ ಕುಣಿದ ಪಶ್ಚಿಮದ ಹೆಣ್ಣುಮಕ್ಕಳ ಕತೆಯಿಂದ ಭಾರ್ಗವಿ ಶುರುಮಾಡಿದಳು. ಆಮೇಲೆ ಬಂದವರು ಬರಿಯ ಉಸಿರಿನಿಂದಲೇ ಚಲನೆ ಹುಟ್ಟಿಸಿದ್ದು, ನಮ್ಮ ದೇಶದಲ್ಲೂ ಹಳೆಯ ಶೈಲಿಗಳನ್ನು ಬೆರೆಸಿ ಹೊಸತನ್ನು ಹುಡುಕಿದ್ದು, ಕೆಲವರು ನಾಣ್ಯ ಚಿಮ್ಮಿ ಮುಂದಿನ ಹೆಜ್ಜೆ ನಿರ್ಧರಿಸಿದ್ದು, ಎಲ್ಲವನ್ನೂ ಹೇಳುತ್ತ, ಆಡುತ್ತ ಹೋದಳು. ಚಿಕ್ಕಂದಿನಿಂದ ನೋಡಿದ ಹುಡುಗಿ. ಅವಳ ಬೆನ್ನು ಇಷ್ಟು ಮಾತಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ, "ಅರವತ್ತರ ದಶಕದಲ್ಲಿ ಕೆಲವರು ಕೇಳಿದರು, ಸಾಮಾನ್ಯ ಮನುಷ್ಯನ ಸಾಮಾನ್ಯ ನಡಿಗೆ ಯಾಕೆ ನೃತ್ಯವಾಗಬಾರದು?" ಎಂದು ನನ್ನತ್ತ ಕೈಮಾಡಿದಳು.

ನಾನು ನಡೆದೆ. ಮೂವತ್ತು ವರ್ಷ ಕಚೇರಿಗೆ ನಡೆದ ಕಾಲುಗಳು ಅಂದು ಯಾವುದು ಎಡ, ಯಾವುದು ಬಲ ಎಂದು ನನ್ನನ್ನೇ ಕೇಳತೊಡಗಿದವು. ಎಡಗೈಯೂ ಎಡಗಾಲೂ ಒಟ್ಟಿಗೇ ಮುಂದೆ ಹೋದವು. ಮೆತ್ತಗೆ ಬೀಳಬೇಕಾದ ಜಾಗ ಇನ್ನೂ ದೂರವಿತ್ತು. ಅಷ್ಟರಲ್ಲಿ ಪೈಜಾಮದ ಅಂಚು ಹಿಮ್ಮಡಿಗೆ ಸಿಕ್ಕಿ, ಅಕ್ಕಿ ಮೂಟೆ ಇಳಿಸಿದ ಸದ್ದಿನೊಂದಿಗೆ ಬಿದ್ದೆ. ಏಳಲು ಹೋದರೆ ಸೊಂಟ ಹಿಡಿದುಕೊಂಡಿತ್ತು. ಸಭೆ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಅವಳ ಇಷ್ಟು ವರ್ಷಗಳ ಸಾಧನೆಯನ್ನು ಹುಟ್ಟೂರ ಪಕ್ಕದಲ್ಲೇ ನಗೆಪಾಟಲು ಮಾಡಿದೆನಲ್ಲ ಎಂದು ನನಗೆ ನೋವಿಗಿಂತ ಹೆಚ್ಚು ಸಂಕಟವಾಯಿತು.

ಆಗ ಭಾರ್ಗವಿ ನನ್ನ ಪಕ್ಕದಲ್ಲಿ ಬಿದ್ದಳು. ಬಟ್ಟೆ ಜಾರಿದಂತೆ, ಒಂದಿಷ್ಟೂ ಸದ್ದಿಲ್ಲದೆ. ಬಿದ್ದವಳು ಹೊರಳಿ ನನ್ನ ಬೆನ್ನಿನಡಿ ಭುಜ ಕೊಟ್ಟು, "ಭಾರ ಬಿಡಿ ಭಾವ" ಎಂದು ಪಿಸುಗುಟ್ಟಿದಳು. ಬಿಟ್ಟೆ. ಅವಳು ನನ್ನನ್ನು ಅರ್ಧಕ್ಕೆ ಎತ್ತಿದಳು. ಉಳಿದರ್ಧ ನನ್ನ ಹೊಟ್ಟೆಯಿಂದಾಗಿ ಏಳಲಿಲ್ಲ. ಅಷ್ಟರಲ್ಲಿ ಕೊನೆಯ ಸಾಲಿನಿಂದ ಯಾರೋ ದಡದಡ ಬಂದು ವೇದಿಕೆ ಹತ್ತಿ ನನ್ನ ಇನ್ನೊಂದು ರಟ್ಟೆ ಹಿಡಿದರು. ಮಾವ! ಬಪ್ಪವ ಅಲ್ಲ ಎಂದಿದ್ದವರು ಯಾರಿಗೂ ತಿಳಿಸದೆ ಬಂದು ಹಿಂದೆ ಕುಳಿತಿದ್ದರು. ಅಪ್ಪ ಮಗಳು ಸೇರಿ ನನ್ನನ್ನು ನಿಲ್ಲಿಸಿ, ಆಚೀಚೆ ಹೆಗಲು ಕೊಟ್ಟು, ನಿಧಾನ ಹೆಜ್ಜೆ ಹಾಕಿಸುತ್ತ ಪರದೆಯ ಹಿಂದೆ ಕರೆದೊಯ್ದರು. ಚಪ್ಪಾಳೆ ನಿಲ್ಲಲೇ ಇಲ್ಲ.

ಒಳಗೆ ನನ್ನನ್ನು ಬೆಂಚಿನ ಮೇಲೆ ಮಲಗಿಸಿದರು. ಮಾವ ಮಗಳತ್ತ ತಿರುಗಿ, "ಅಲ್ದೇ, ನೀ ಬಿದ್ದಾಗ ಸದ್ದೇ ಇಲ್ಲೆ. ಅದು ಹೆಂಗೆ?" ಎಂದರು.

ಭಾರ್ಗವಿ ಕಣ್ಣು ಒರೆಸಿಕೊಂಡಳು. "ನೆಲಕ್ಕೆ ಹೆದರಲಾಗ ಅಪ್ಪಯ್ಯ. ಮೊದಲು ಉಸಿರು ಬಿಡವು."

"ಮಂಡಿ ಊರಕಾದರೆ ಯಂಗವೂ ಹಾಂಗೇಯ" ಎಂದು ಮಾವ ಪಂಚೆ ಮೇಲೆತ್ತಿ ಕಟ್ಟಿದರು. ಈ ವಯಸ್ಸಿನಲ್ಲಿ ಬೇಡ ಎಂದು ಮಗಳು ಕೂಗುತ್ತಿದ್ದರೂ ಕೇಳದೆ ಮಂಡಿಯೂರಿ ತೋರಿಸಿಯೇಬಿಟ್ಟರು. ಆಮೇಲೆ ಉಸಿರು, ಭಾರ, ನೆಲ ಎಂದು ಇಬ್ಬರ ಮಾತು ಹರಿದೇ ಹರಿಯಿತು. ಯಾರೂ ನನ್ನ ಮೂಲಕ ಏನನ್ನೂ ಕೇಳಲಿಲ್ಲ. ಬೆಂಚಿನ ಮೇಲೆ ನಾನು ಎಷ್ಟೋ ಕಾಲದ ಮೇಲೆ ನಿರಾಳವಾಗಿ ಕಾಲು ಚಾಚಿದೆ. ನೋವು ಕೂಡ ಹಿತವಾಗಿತ್ತು.

ಹೊರಗೆ ಬಂದಾಗ ಕಿರವತ್ತಿ ಕಡೆಯ ಮೇಷ್ಟ್ರೊಬ್ಬರು ನನ್ನ ಕೈ ಹಿಡಿದುಕೊಂಡರು. "ಏನ್ ಬಿದ್ರೀ ಸರ್! ಖರೇನ ಬಿದ್ದಂಗ ಇತ್ತು. ಇದು ಯಾವ ಶೈಲಿ ರೀ?"

ಸತ್ಯ ಹೇಳಲು ಬಾಯಿ ತೆರೆದೆ. ಆದರೆ ಕಲಾವಿದ ಎಂದು ಜನ್ಮದಲ್ಲಿ ಮೊದಲ ಬಾರಿ ಒಬ್ಬರು ಕೈ ಕುಲುಕುತ್ತಿದ್ದರು.

"ಇಪ್ಪತ್ತನೆಯ ಶತಮಾನದ್ದು" ಎಂದೆ ಗಂಭೀರವಾಗಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸೊಂಟ ಆಗಿನದೇ.