ಸಾಬೂದಾಣಿ ಗಂಜಿ ಕುಡಿದ ಕರಾಟೆ ಡ್ರೆಸ್ಸು

ಕರಾಟೆ ಕಲಿಸಾಕಿ ಅಂದ್ರ ದಿನಾ ಹೊಡೆದಾಟದ ಸುದ್ದಿನ ಇರತೈತಿ ಅಂತ ಮಂದಿ ತಿಳಕೊಂಡಾರ. ಹತ್ತು ವರ್ಷದಿಂದ ಶಿರಗುಪ್ಪಿಯೊಳಗ ಕ್ಲಾಸ್ ನಡಸಾಕತ್ತೀನಿ. ನನ್ನ ತಲಿ ತಿಂದದ್ದು ಹೊಡೆದಾಟ ಅಲ್ಲ, ಅರಿವಿ. ವರ್ಷಾ ಹೊಸಾ ಮಕ್ಕಳು ಬರ್ತಾರ, ವರ್ಷಾ ಅದ ತಂಟೆ.

ಕರಾಟೆ ಡ್ರೆಸ್ಸಿನಾಗ ಎರಡು ನಮೂನಿ. ತೆಳ್ಳಂದು ಹಗರ, ಗಾಳಿ ಆಡತೈತಿ, ಲಗೂನ ಒಣಗತೈತಿ. ದಪ್ಪಂದು ವಜ್ಜ, ಬೆವರು ಇಳಸತೈತಿ, ಆದ್ರ ಗುದ್ದು ಹೊಡದ್ರ ತೋಳು 'ಟಪ್' ಅಂತೈತಿ. ನಮ್ಮ ಕ್ಲಾಸಿನ ಹಾಲಿಗೆ ತಗಡಿನ ಚಾವಣಿ. ಹಂಗಾಗಿ ಎಲ್ಲಾರಿಗೂ ತೆಳ್ಳಂದ ಸಾಕು ಅಂತೀನಿ, ನಾನೂ ಅದನ್ನ ಹಾಕ್ಕೋತೀನಿ. ಕೇಳವ್ರು ಯಾರು?

೧. ತೂಕ

ಜುಗೂಳದಿಂದ ಒಬ್ಬ ಅಜ್ಜ ಮೊಮ್ಮಗಳನ್ನ ಕರಕೊಂಡು ಬಂದಿದ್ದ. ಹುಡುಗಿಗೆ ಹತ್ತು ವರ್ಷ. ಅಜ್ಜಂದು ಬಿಳಿ ಧೋತರ, ಬಿಳಿ ಅಂಗಿ, ತಲಿಮ್ಯಾಲ ಗಂಜಿ ಹಾಕಿ ಇಸ್ತ್ರಿ ಮಾಡಿದ ಟೊಪಿಗಿ. ಆ ಟೊಪಿಗಿ ಅಂಚಿಗೆ ಕೈ ಹಚ್ಚಿದ್ರ ಬೆರಳು ಕೊಯ್ಯೂಹಂಗ ಇತ್ತು.

ಎರಡೂ ಡ್ರೆಸ್ ಮುಂದಿಟ್ಟೆ. ಅಜ್ಜ ಒಂದೊಂದು ಕೈಯಾಗ ಒಂದೊಂದು ಹಿಡದು ಕಣ್ಣು ಮುಚ್ಚಿದ. ಜೀವನಪೂರ್ತಿ ಕಬ್ಬು ತೂಗಿಸಿದ ಮನಷ್ಯಾ!

"ಅಕ್ಕಾರ, ಇದರಾಗ ಅರಿವಿ ಹೆಚ್ಚೈತಿ. ಇದನ್ನ ಕೊಡ್ರಿ."

"ಅಜ್ಜಾರ, ಇದು ಕಬ್ಬಲ್ರಿ. ಬ್ಯಾಸಗ್ಯಾಗ ಕೂಸು ಬೆಂದು ಹೋಗತೈತಿ."

ಅಜ್ಜ ದಪ್ಪಂದು ಕೆಳಗಿಟ್ಟ. ಹುಡುಗಿ ಅದರ ತೋಳು ಸವರಕೋತ ನಿಂತಿದ್ಲು.

"ಆತು, ತೆಳ್ಳಂದ ಕೊಡ್ರಿ. ಆದ್ರ ಎರಡು ಸೈಜ್ ದೊಡ್ಡದು. ಬೆಳಿಯೂ ಕೂಸು."

ಮೊದಲನೇ ತಿಂಗಳು ಡ್ರೆಸ್ಸಷ್ಟ ಕ್ಲಾಸಿಗೆ ಬರ್ತಿತ್ತು. ಗುದ್ದು ಎಡಗೈದೋ ಬಲಗೈದೋ ಅಂತ ನಾ ತೋಳು ಮಡಚಿ ನೋಡಬೇಕಾಗ್ತಿತ್ತು.

೨. ಟಪ್

ನನ್ನ ಕ್ಲಾಸಿನಾಗ ದ್ರಾಕ್ಷಿ ತೋಟದವರ ಮಗಳು ಒಬ್ಬಾಕಿ ಇದ್ಲು. ನನ್ನ ಮಾತು ಮೀರಿ ಅಕಿ ಅಪ್ಪ ದಪ್ಪಂದ ಕೊಡಿಸಿದ್ದ. ಅಕಿ ಕೈ ಎತ್ತಿದ್ರ ಸಾಕು, ಟಪ್! ಎಲ್ಲಾರೂ ಹೊಳ್ಳಿ ನೋಡವ್ರ.

ಒಂದಿನ ಸಂಜಿಕೆ ಜುಗೂಳದ ಹುಡುಗಿ ನನ್ನ ಹಂತೇಕ ಬಂದು ಕುಂತ್ಲು. "ಅಕ್ಕಾರ, ನನ್ನ ಕೈ ಯಾಕ ಟಪ್ ಅನ್ನೂದಿಲ್ಲ?"

"ಅದು ಕೈ ಅಲ್ಲ ಬೇ, ಅರಿವಿ."

"ಬೆಲ್ಟಿನ ಪರೀಕ್ಷಾ ಮಾಡವ್ರಿಗೆ ಅದು ಗೊತ್ತಿರತೈತೇನ್ರಿ?"

ಆಮ್ಯಾಲ ಎಲ್ಲಾ ಹೇಳಿದ್ಲು. ಹಳದಿ ಬೆಲ್ಟ್ ಬಂದ್ರ ಮುಂದೂ ಕ್ಲಾಸಿಗೆ ಕಳಸ್ತೀನಿ, ಇಲ್ಲಂದ್ರ ಕಾಯಾಕ ಮನ್ಯಾಗ ಎಮ್ಮಿ ಅದಾವು ಅಂತ ಅವರಪ್ಪ ಅಂದಿದ್ನಂತ. ನಾನೂ ಒಂದ ಕಾಲಕ್ಕ ಎಮ್ಮಿ ಮತ್ತ ಬೆಲ್ಟಿನ ನಡುವ ನಿಂತಾಕಿ. ಏನಾರ ಸಮಾಧಾನ ಹೇಳೂಣು ಅನ್ನೂದ್ರಾಗ ಅಕಿನ ಅಂದ್ಲು:

"ಎಮ್ಮಿ ಜೋಡಿ ಕರಾಟೆ ಆಗೂದಿಲ್ರಿ ಅಕ್ಕಾರ. ನೋಡೀನಿ. ಗುದ್ದಿದ್ರೂ ಮೆಲುಕು ಹಾಕೂದು ಬಿಡೂದಿಲ್ಲ."

೩. ಪರೀಕ್ಷಾ

ಪರೀಕ್ಷಾಕ್ಕ ನಿಪ್ಪಾಣಿಯಿಂದ ನಮ್ಮ ಹಿರಿಯ ಗುರುಗಳು ಬಂದಿದ್ರು. ವಯಸ್ಸಾಗೇತಿ, ಅವರೂ ತೆಳ್ಳಂದ ಹಾಕ್ಕೋತಾರ. ಸಿಟ್ಟು ಮಾತ್ರ ತೆಳ್ಳಗಾಗಿಲ್ಲ.

ಜುಗೂಳದ ಹುಡುಗಿ ಒಳಗ ಬಂದ್ಲು. ಎರಡೂ ಕೈ ಮೈಯಿಂದ ದೂರ, ಕಾಲು ಅಗಲ. ಡ್ರೆಸ್ಸು ಹಪ್ಪಳದಂಗ ಸೆಟದು ನಿಂತಿತ್ತು. ಮೊದಲನೇ ಗುದ್ದು ಹೊಡದ್ಲು ನೋಡ್ರಿ, ಟಪ್! ದ್ರಾಕ್ಷಿ ತೋಟದಾಕಿ ಬಾಯಿ ತಕ್ಕೊಂಡು ನಿಂತ್ಲು.

"ಲೈ ಭಾರಿ!" ಅಂತ ಮರಾಠಿಯೊಳಗ ಹೊಗಳಿದ್ರು ಗುರುಗಳು. "ದಪ್ಪ ಡ್ರೆಸ್ಸೇನು?"

ನಾ ಸನೇಕ ಹೋದೆ. ಉಪಾಸದ ದಿನ ಅಡಗಿಮನ್ಯಾಗ ಬರೂ ವಾಸನಿ ಹೊಡೀತು. ಸಾಬೂದಾಣಿ! ಹಿಂದ ಕುಂತ ಅಜ್ಜನ್ನ ನೋಡಿದ್ರ, ಟೊಪಿಗಿ ಸರಿ ಮಾಡಕೋತ ತಗಡು ಎಣಸಾಕತ್ತಿದ್ದ.

ಹತ್ತು ಮಿನಿಟು ಛಲೋ ನಡೀತು. ಆಮ್ಯಾಲ ತಗಡು ಕಾಯ್ತು, ಹುಡುಗಿ ಬೆವತ್ಲು, ಗಂಜಿ ಹೊಳ್ಳಿ ಗಂಜಿನ ಆತು. ತೋಳು ಪಕ್ಕಡಿಗೆ ಅಂಟಿತು. ಕೈ ಎತ್ತಿದ್ರ 'ಚರ್' ಅನ್ನಾಕತ್ತಿತು. ಕಡೀಕ ಮಣಕಾಲೂರಿ ನಮಸ್ಕಾರ ಮಾಡಾಕ ಕುಂತಾಕಿ ಏಳಾಕ ಬರಲಿಲ್ಲ, ಎರಡೂ ಕಾಲಿನ ಅರಿವಿ ಕೂಡಿ ಒಂದಾಗಿತ್ತು. ಹಾಲೆಲ್ಲಾ ನಕ್ಕಿತು. ಅಕಿ ಕಣ್ಣಾಗ ನೀರು ತುಂಬಿದ್ವು.

ಅಜ್ಜ ಎದ್ದು ನಿಂತ. "ಸಾಹೇಬ್ರ, ಕೂಸಿಂದು ತಪ್ಪಿಲ್ರಿ. ಟೊಪಿಗಿಗೆ ಮಾಡಿದ ಗಂಜ್ಯಾಗ ನಾನ ಅದ್ದೀನಿ. ಫೇಲ್ ಮಾಡೂದಿದ್ರ ನನ್ನ ಮಾಡ್ರಿ. ಎಮ್ಮಿ ನಾ ಕಾಯ್ತೀನಿ."

ಗುರುಗಳು ನಗಲಿಲ್ಲ. "ಡ್ರೆಸ್ ತೊಳಕೊಂಡು ಬಾರವ್ವಾ. ಮತ್ತ ಮೊದಲಿಂದ ಮಾಡು."

ನಾನ ಅಕಿನ್ನ ಒಳಗ ಕರಕೊಂಡು ಹೋಗಿ, ಡ್ರೆಸ್ ತೊಳದು ಹಿಂಡಿ ಮತ್ತ ಹಾಕಿದೆ. ಗಟಾರದಾಗ ಬಿಳಿ ನೀರು ಹರೀತು. ಹುಡುಗಿ ಹೊರಗ ಬಂದು ನಿಂತ್ಲು. ಹಸಿ ಅರಿವಿ ಪಿಟ್ ಅನ್ನಲಿಲ್ಲ. ಹಾಲಿನಾಗ ಕೇಳಿಸಿದ್ದು ಗುದ್ದಿನ ಜೋಡಿ ಹಾಕೂ ಅಕಿ ಕೂಗು ಒಂದ. "ಹಾ!" ಅಂದ್ರ ತಗಡು ನಡಗೂಹಂಗ. ಇಷ್ಟು ದಿನ ಆ ಕೂಗು ಎಲ್ಲಿ ಇಟ್ಟಿದ್ಲೋ ಏನೋ. ಒಬ್ಬರೂ ನಗಲಿಲ್ಲ. ಗುರುಗಳು ತಾವ ಎದ್ದು ಬಂದು ಆ ಹಸಿ ಡ್ರೆಸ್ಸಿನ ಮ್ಯಾಲ ಹಳದಿ ಬೆಲ್ಟ್ ಕಟ್ಟಿದ್ರು. ನಾ ಅತ್ತೆ, ಸುಳ್ಳ್ಯಾಕ ಹೇಳ್ಲಿ.

ಎಲ್ಲಾ ಮುಗದ ಮ್ಯಾಲ ಗುರುಗಳು ಅಜ್ಜನ್ನ ಬಾಗಲ ಹೊರಗ ಕರಕೊಂಡು ಹೋದ್ರು. ಬೈತಾರೇನೋ ಅಂತ ಅಂಜಿ ನಾನೂ ಹಿಂದಿಂದ ಹೋದೆ. ಗುರುಗಳು ಆಕಡೆ ಈಕಡೆ ನೋಡಿದ್ರು, ತಮ್ಮ ತೆಳ್ಳನ ತೋಳು ಎರಡು ಬೆರಳಿನಾಗ ಹಿಡದ್ರು, ಸಣ್ಣ ದನಿಯಾಗ ಕೇಳಿದ್ರು:

"ಅಜ್ಜಾರ, ಒಂದ ತಂಬಿಗಿ ನೀರಿಗೆ ಸಾಬೂದಾಣಿ ಎಷ್ಟು ಹಾಕಿದ್ರಿ?"

ಅಜ್ಜ ಟೊಪಿಗಿ ಸರಿ ಮಾಡಕೊಂಡ.

"ಪಾಳಿಗೆ ನಿಲ್ರಿ ಸಾಹೇಬ್ರ. ನಿಮಗಿಂತ ಮೊದಲ ಈ ಅಕ್ಕಾರು ಕೇಳ್ಯಾರ."