ಹೆಡ್ ಕೋಚಿಗೊಂದು ಪ್ರಾಕ್ಟಿಕಲ್ಲು

ಭಾನುವಾರ ಬೆಳಿಗ್ಗೆ ಗುಬ್ಬಿಯ ಪಿ.ಟಿ. ಮೇಷ್ಟ್ರು ಗಂಗರಾಜು ಹಲ್ಲುಜ್ಜುತ್ತಾ ಮೊಬೈಲ್ ನೋಡಿದ್ದೇ ತಪ್ಪಾಯಿತು. ‘ಮೂರೂರು ಸಾಫ್ಟ್‌ಬಾಲ್ ಬಳಗ’ದ ವಾಟ್ಸಾಪ್ ಗ್ರೂಪಿನಲ್ಲಿ ಕಾರ್ಯದರ್ಶಿ ಸಿದ್ದಯ್ಯನವರ ಸಂದೇಶ ಬಂದು ಕೂತಿತ್ತು: ‘ನಮ್ಮ ಬಾಲಕಿಯರ ತಂಡಕ್ಕೆ ಹೆಡ್ ಕೋಚ್ ಆಯ್ಕೆ ಇವತ್ತು ಹನ್ನೊಂದು ಗಂಟೆಗೆ, ತುಮಕೂರಿನ ಗ್ರೌಂಡಿನಲ್ಲಿ. ಎಂದಿನಂತೆ ಚೀಟಿ ಎತ್ತಲಾಗುವುದು. ತಿಂಡಿ ವ್ಯವಸ್ಥೆ ಇದೆ.’ ಅದರ ಕೆಳಗೆ ಸಾಲಾಗಿ ಕೈಮುಗಿದ ಬೊಂಬೆಗಳು.

“ಥೂ!” ಎಂದು ಉಗಿದರು ಗಂಗರಾಜು. ಅರ್ಧ ಪೇಸ್ಟಿಗೆ, ಅರ್ಧ ಸಿದ್ದಯ್ಯನವರಿಗೆ.

“ಏನ್ರೀ ಅದು, ಗೋಡೆಗೆಲ್ಲಾ ಹಾರಿಸ್ತಾ ಇದೀರ?” ಹೆಂಡತಿ ಶಶಿಕಲಾ ಅಡುಗೆಮನೆಯಿಂದಲೇ ಕೇಳಿದರು.

“ಚೀಟಿಯಂತೆ ಕಣೇ! ಕೋಚ್ ಆರಿಸೋಕೆ ಚೀಟಿ! ಆಪರೇಶನ್ ಮಾಡೋ ಡಾಕ್ಟರ್‌ನ ಚೀಟಿ ಎತ್ತಿ ಕರೀತಾರಾ? ಬಸ್ ಡ್ರೈವರ್‌ನ ಚೀಟಿ ಎತ್ತಿ ಕೂರಿಸ್ತಾರಾ?”

“ಹೋದ ವರ್ಷಾನೂ ಹಿಂಗೇ ಕೂಗಾಡಿದ್ರಿ. ಕೊನೆಗೆ ಅಸಿಸ್ಟೆಂಟ್ ಅಂತ ಬರ್ದಿರೋ ಟೀ ಶರ್ಟ್ ಹಾಕ್ಕೊಂಡ್ ಬಂದ್ರಿ. ಅದೂ ಬಣ್ಣ ಬಿಡ್ತು, ನನ್ನ ಸೀರೆಗೆಲ್ಲಾ ಹತ್ಕೊಂಡು.”

ಶಶಿಕಲಾ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಹುಡುಗಿಯರನ್ನು ಸೇರಿಸಿ ತಂಡ ಕಟ್ಟಿದ್ದು ಗಂಗರಾಜು. ಬಿಸಿಲಲ್ಲಿ ನಿಂತು ಕಲಿಸಿದ್ದು, ಗಂಟಲು ಹರಿದುಕೊಂಡಿದ್ದು, ಮೊಣಕಾಲು ತರಚಿದವರಿಗೆ ಅರಿಶಿನ ಹಚ್ಚಿದ್ದು ಎಲ್ಲಾ ಅವರೇ. ಆದರೆ ಟೂರ್ನಮೆಂಟು ಹತ್ತಿರ ಬಂತೆಂದರೆ ಎಲ್ಲಿಂದಲೋ ಒಬ್ಬ ದೊಡ್ಡ ಮನುಷ್ಯ ಹುಟ್ಟಿಕೊಳ್ಳುತ್ತಿದ್ದ. ಹೋದ ವರ್ಷ ಚೀಟಿ ಬಂದಿದ್ದು ಒಬ್ಬ ಬಟ್ಟೆ ಅಂಗಡಿಯವನಿಗೆ. ಫೈನಲ್ ದಿವಸ ಅವನು ತಂಡದ ಒಳ್ಳೆಯ ಪಿಚರ್ ಪಲ್ಲವಿಯನ್ನು ಹೊರಗೆ ಕೂರಿಸಿ ಬಾಲು ಎಸೆಯಲು ತನ್ನ ಅಕ್ಕನ ಮಗಳನ್ನು ಇಳಿಸಿದ. ಆ ಹುಡುಗಿ ಎಸೆದ ಬಾಲು ಬ್ಯಾಟ್ ಹಿಡಿದವಳನ್ನು ಬಿಟ್ಟು ಮಿಕ್ಕ ಎಲ್ಲರ ಹತ್ತಿರವೂ ಹೋಯಿತು. ಸಿ.ಎಸ್. ಪುರದಿಂದ ದಿನಾ ಬಸ್ ಹತ್ತಿ ಬರುವ ಪಲ್ಲವಿ ವಾಪಸ್ ಬರುವಾಗ ದಾರಿಯುದ್ದಕ್ಕೂ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಂಗರಾಜು ನೀರಿನ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಡೆ ತಿರುಗಿ ಕೂತಿದ್ದರು. ಯಾರು ಆಡಬೇಕು, ಯಾರು ಕೂರಬೇಕು ಅನ್ನುವುದು ಹೆಡ್ ಕೋಚಿನ ಮಾತು. ಅಸಿಸ್ಟೆಂಟಿಗೆ ಅಲ್ಲಿ ಬಾಯಿಲ್ಲ. ಈ ಸಲವೂ ಹಾಗಾದರೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಯ ಚಿಕ್ಕಮಾರಮ್ಮ ಪೊರಕೆ ಹಿಡಿದು ಅಡ್ಡ ಬಂದರು. ಈ ಬೀದಿಯಲ್ಲಿ ಒಬ್ಬರ ಮನೆ ಮಾತು ಇನ್ನೊಬ್ಬರಿಗೆ ಕೇಳಿಸದೆ ಇರುವುದಿಲ್ಲ.

“ಮೇಷ್ಟ್ರೇ, ಚೀಟಿ ಅಂದ್ರಲ್ಲ, ಒಂದ್ ನಿಂಬೆಹಣ್ಣು ಮಂತ್ರಿಸಿ ಕೊಡ್ತೀನಿ ತಡೀರಿ. ಸೈಟ್ ಚೀಟೀಲಿ ನಮ್ ಭಾವಂಗೆ ಮೂಲೆ ಸೈಟೇ ಬಂತು.”

“ನನಗೆ ಅದೃಷ್ಟ ಬೇಡ ಚಿಕ್ಕಮಾರಮ್ಮೋರೇ, ನ್ಯಾಯ ಬೇಕು!”

“ಅದಕ್ಕೆ ನಿಂಬೆಹಣ್ಣು ಆಗಕಿಲ್ಲ ಬುಡಿ,” ಎಂದು ಚಿಕ್ಕಮಾರಮ್ಮ ಗುಡಿಸುವುದಕ್ಕೆ ಹೋದರು.

ಗ್ರೌಂಡಿಗೆ ಬಂದು ನೋಡಿದರೆ ಹುಣಸೇಮರದ ಕೆಳಗೆ ಮೇಜು, ಮೇಜಿನ ಮೇಲೆ ಸಿದ್ದಯ್ಯನವರ ಟಿಫನ್ ಡಬ್ಬಿ. ಡಬ್ಬಿಯಲ್ಲಿ ಚೀಟಿ. ಬೆಳಗಿನ ಚಿತ್ರಾನ್ನದ ಎಣ್ಣೆ ಅಂಟಿಕೊಂಡು ಚೀಟಿಗಳೆಲ್ಲ ಹಳದಿಯಾಗಿದ್ದವು. ಸಿದ್ದಯ್ಯನವರು ರಿಟೈರ್ಡ್ ಹೆಡ್‌ಮಾಸ್ಟರು. ಯಾರನ್ನೂ ಎದುರು ಹಾಕಿಕೊಳ್ಳದೆ ಸರ್ವೀಸು ಮುಗಿಸಿದವರು. ಅವರ ಪ್ರಕಾರ ಚೀಟಿಯಲ್ಲಿ ಸೋತವನು ದೇವರನ್ನು ಬೈಯುತ್ತಾನೆಯೇ ಹೊರತು ಕಾರ್ಯದರ್ಶಿಯನ್ನಲ್ಲ.

“ಸಾರ್, ಆ ಡಬ್ಬಿ ಮುಚ್ಚಿ!” ಗಂಗರಾಜು ಬರುತ್ತಲೇ ಶುರುಮಾಡಿದರು. “ಯಾರ್ಯಾರ ಹೆಸರಿದೆ ಅದ್ರಲ್ಲಿ?”

ಹೆಸರಿದ್ದವರು ಅಲ್ಲೇ ಕುರ್ಚಿ ಹಾಕಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದರು. ಒಬ್ಬರು ಕುಣಿಗಲ್ಲಿನ ಬಸವರಾಜ್, ಟೆಂಪೋ ಟ್ರಾವೆಲರ್ ಮಾಲೀಕರು.

“ಗಾಡಿ ನಂದು ಮೇಷ್ಟ್ರೇ. ಗಾಡಿ ಕೊಟ್ಟೋನ್ ಮುಂದಿನ ಸೀಟಲ್ಲಿ ಕೂರ್ಬೇಕಾ ಬ್ಯಾಡ್ವಾ? ಮುಂದಿನ ಸೀಟು ಅಂದ್ರೆ ಹೆಡ್ ಕೋಚು. ಅಷ್ಟೇಯ.”

ಇನ್ನೊಬ್ಬರು ತುಮಕೂರಿನ ಭಾನುಪ್ರಕಾಶ್, ಇನ್ಶೂರೆನ್ಸ್ ಏಜೆಂಟ್. ಅವರು ಆಗಲೇ ಬಡಾವಣೆಯ ಗಣೇಶೋತ್ಸವ ಸಮಿತಿಯ ಅಧ್ಯಕ್ಷರು, ವಾಕಿಂಗ್ ಗೆಳೆಯರ ಅಧ್ಯಕ್ಷರು, ನಗೆಕೂಟದ ಗೌರವಾಧ್ಯಕ್ಷರು. ಖಾಲಿ ಕುರ್ಚಿ ಕಂಡರೆ ಅವರ ಸೊಂಟ ತಾನಾಗಿಯೇ ಬಾಗುತ್ತಿತ್ತು.

“ಕೋಚ್ ಅಂದ್ರೆ ಮ್ಯಾನೇಜ್‌ಮೆಂಟ್ ಸಾರ್,” ಎಂದರು ಭಾನುಪ್ರಕಾಶ್. “ನಾನು ಒಂಬತ್ತು ಅಡಿ ಗಣಪತೀನ ಒಂದು ಗೀರು ಬೀಳ್ದಂಗೆ ಕೆರೆಗೆ ಬಿಟ್ಟಿದೀನಿ. ಒಂಬತ್ತು ಹುಡುಗೀರು ಯಾವ ಲೆಕ್ಕ?”

ಗಂಗರಾಜುವಿಗೆ ಮೈ ಉರಿದುಹೋಯಿತು. “ಮುಳುಗಿಸೋ ಅನುಭವ ಇಲ್ಲಿ ಬೇಡ ಸಾರ್! ಮಕ್ಕಳ ವರ್ಷಗಟ್ಟಲೆ ಬೆವರು ಇದೆ ಇದ್ರಲ್ಲಿ. ಸಿದ್ದಯ್ಯನವರೇ, ಇವರಿಬ್ಬರಿಗೂ ಬ್ಯಾಟ್ ಹಿಡಿಯೋಕಾದ್ರೂ ಬರುತ್ತಾ ಕೇಳಿ. ಡ್ರೈವಿಂಗ್ ಲೈಸೆನ್ಸಿಗೇ ಎಂಟು ಹಾಕಿಸಿ ನೋಡ್ತಾರೆ, ಹೆಡ್ ಕೋಚಿಗೆ ಒಂದು ಪ್ರಾಕ್ಟಿಕಲ್ ಬೇಡ್ವಾ?”

ವಾರ್ಮ್‌ಅಪ್ ಮಾಡುತ್ತಿದ್ದ ಹುಡುಗಿಯರು ಓ ಎಂದು ಚಪ್ಪಾಳೆ ತಟ್ಟಿದರು. ಸಿದ್ದಯ್ಯನವರು ಡಬ್ಬಿಯನ್ನೂ ಹುಡುಗಿಯರನ್ನೂ ನೋಡಿದರು. ಪ್ರಾಕ್ಟಿಕಲ್ಲಿನಲ್ಲಿ ಸೋತವನು ಕೂಡ ತನ್ನನ್ನು ಬೈಯುವ ಹಾಗಿಲ್ಲ ಎಂದು ಹೊಳೆದಿರಬೇಕು, ಮುಖ ಅರಳಿತು.

“ಸರಿ, ಪ್ರಾಕ್ಟಿಕಲ್ಲೇ ಆಗ್ಲಿ. ಪಲ್ಲವಿ ಬಾಲ್ ಹಾಕ್ತಾಳೆ. ಒಬ್ಬೊಬ್ರಿಗೆ ಮೂರು. ಯಾರು ದೂರ ಹೊಡೀತಾರೋ ಅವರೇ ಹೆಡ್ ಕೋಚ್. ಆಮೇಲೆ ಯಾರೂ ತಕರಾರು ತೆಗೀಬಾರ್ದು.”

ಹೊಡೆಯುವುದೇ ಬೇರೆ, ಕಲಿಸುವುದೇ ಬೇರೆ ಎಂದು ಹೇಳಲು ಗಂಗರಾಜು ಬಾಯಿ ತೆರೆದರು. ಆದರೆ ಉಪ್ಪಿಟ್ಟಿನ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ ಎದುರಾಳಿಗಳನ್ನು ನೋಡಿ ಮುಚ್ಚಿಕೊಂಡರು. ನ್ಯಾಯ ಒಂದು ಸಲವಾದರೂ ತನ್ನ ಕಡೆ ಸುಲಭವಾಗಿ ಬರಲಿ ಎಂದುಕೊಂಡರು.

ಸಾಫ್ಟ್‌ಬಾಲಿನಲ್ಲಿ ಬಾಲನ್ನು ಕ್ರಿಕೆಟ್ಟಿನ ಹಾಗೆ ತಲೆಯ ಮೇಲಿಂದ ಎಸೆಯುವುದಿಲ್ಲ. ಕೈಯನ್ನು ಒಂದು ಸುತ್ತು ತಿರುಗಿಸಿ ಸೊಂಟದ ಕೆಳಗಿಂದ ಬಿಡಬೇಕು. ಪಲ್ಲವಿ ಹಾಗೆ ಬಿಟ್ಟರೆ ಬಾಲು ಬಂದಿದ್ದು ಕಾಣುತ್ತಿರಲಿಲ್ಲ, ಬ್ಯಾಟ್ ಹಿಡಿದವರ ಹಿಂದೆ ಕೂತವಳ ಗ್ಲೌಸಿನಲ್ಲಿ ಫಟ್ಟೆಂದಿದ್ದು ಮಾತ್ರ ಕೇಳುತ್ತಿತ್ತು.

ಮೊದಲು ಬಸವರಾಜ್. ಮೊದಲನೇ ಬಾಲಿಗೆ “ಎಲ್ಲಿ, ಹಾಕ್ಲೇ ಇಲ್ವಲ್ಲ?” ಎಂದು ಕೇಳಿದರು. ಎರಡನೆಯದಕ್ಕೆ ಕಣ್ಣು ಮುಚ್ಚಿ ಬೀಸಿದರು. ಬಾಲು ಗ್ಲೌಸಿಗೆ ಹೋಯಿತು, ಬ್ಯಾಟು ಕೈ ಬಿಟ್ಟು ಹಾರಿ ಅವರದೇ ಟೆಂಪೋ ಟ್ರಾವೆಲರಿನ ಮುಂದಿನ ಗಾಜಿಗೆ ಹೋಯಿತು. ಮೂರನೆಯದಕ್ಕೆ ಬಸವರಾಜ್ ನಿಲ್ಲಲಿಲ್ಲ. “ಅಯ್ಯಯ್ಯೋ ನನ್ ಗ್ಲಾಸು!” ಎಂದು ಪಂಚೆ ಎತ್ತಿ ಕಟ್ಟಿ ಗಾಡಿ ಕಡೆ ಓಡಿದರು. ಗಂಗರಾಜು ನಗು ತಡೆಯಲು ಶೂ ಲೇಸು ಕಟ್ಟುವ ಹಾಗೆ ಬಗ್ಗಿದರು.

ಆಮೇಲೆ ಭಾನುಪ್ರಕಾಶ್. ಕೈ ಅದಲುಬದಲು, ಕಾಲೆರಡೂ ಜೋಡಿಸಿ, ಬ್ಯಾಟನ್ನು ಒನಕೆಯ ಹಾಗೆ ನೆಟ್ಟಗೆ ಹಿಡಿದು ನಿಂತರು. ಮೊದಲನೇ ಬಾಲು ಹೋಗಿ, ವಾಪಸ್ ಪಲ್ಲವಿಯ ಕೈ ಸೇರಿದ ಮೇಲೆ ಬೀಸಿದರು. ಎರಡನೆಯದಕ್ಕೆ ಹೆದರಿ ಕುಕ್ಕರಗಾಲಲ್ಲಿ ಕೂತರು.

ಗಂಗರಾಜು ಸುಮ್ಮನೆ ನಿಂತಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಆದರೆ ತಪ್ಪು ಹಿಡಿತ ಕಂಡರೆ ಅವರಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು. ಮೊದಲು ಮುಖ ತಿರುಗಿಸಿಕೊಂಡರು. ಆಮೇಲೆ ಹಲ್ಲು ಕಚ್ಚಿದರು. ಕೊನೆಗೆ ತಡೆಯಲಾಗದೆ ಸರಸರ ನಡೆದು ಹೋಗಿ ಭಾನುಪ್ರಕಾಶರ ಮೊಣಕೈ ಹಿಡಿದು ಎತ್ತಿದರು.

“ಏನ್ ಸಾರ್ ಇದು, ನೋಡೋಕಾಗಲ್ಲ! ಬಲಗೈ ಮೇಲೆ ಬರ್ಲಿ. ಹಾಂ. ಕಾಲು ಅಗಲ ಮಾಡಿ. ಮಂಡಿ ಸ್ವಲ್ಪ ಬಗ್ಗಿಸಿ, ಅಷ್ಟು ಬೇಡ, ಕಕ್ಕಸಿಗೆ ಕೂತಿಲ್ಲ ನೀವು. ಅವಳ ಮುಖ ನೋಡ್ಬೇಡಿ, ಕೈ ನೋಡಿ. ಬಾಲು ಅವಳ ಸೊಂಟದ ಹತ್ರ ಬಂತು ಅನ್ನೋವಾಗ್ಲೇ ಶುರುಮಾಡಿ. ಭುಜದಿಂದಲ್ಲ, ಸೊಂಟದಿಂದ ತಿರುಗಿ. ಎಲ್ಲಿ, ಒಂದ್ಸಲ ಬೀಸಿ. ಇನ್ನೊಂದ್ಸಲ. ಈಗ ಸರಿ.”

ಪಲ್ಲವಿ ಅಲ್ಲಿಂದಲೇ ಕಣ್ಣು ಕೆಕ್ಕರಿಸಿ ನೋಡುತ್ತಿದ್ದಳು. ಮೇಷ್ಟ್ರಿಗೆ ಅದು ಕಾಣಿಸಲಿಲ್ಲ. ಮೂರನೇ ಬಾಲು ಬಂತು. ಮೇಷ್ಟ್ರು ಹೇಳಿದಂತೆಯೇ ಭಾನುಪ್ರಕಾಶ್ ಸೊಂಟ ತಿರುಗಿಸಿದರು. ಟಣ್ ಎಂದಿತು. ಬಾಲು ಹುಡುಗಿಯರ ತಲೆ ದಾಟಿ, ಕಾಂಪೌಂಡು ದಾಟಿ, ರಸ್ತೆಯಾಚೆಯ ಟೀ ಅಂಗಡಿಯ ಶೀಟಿನ ಮೇಲೆ ದಡಾರೆಂದು ಬಿತ್ತು.

“ಭೇಷ್! ಹಂಗೆ! ಹಂಗೆ ಹೊಡೀಬೇಕು!” ಎಂದು ಗಂಗರಾಜು ಎಗರಿ ಚಪ್ಪಾಳೆ ತಟ್ಟಿದರು. ಬೇರೆ ಯಾರೂ ತಟ್ಟದೆ ಇದ್ದಾಗ ಅವರ ಕೈ ನಿಧಾನವಾಗಿ ನಿಂತಿತು.

ಈಗ ಅವರ ಸರದಿ. ಪಲ್ಲವಿ ಬಾಲು ಬಿಟ್ಟಳು. ಅದು ದೇವರಿಗೆ ಹೂವು ಹಾಕಿದ ಹಾಗೆ ಮೆತ್ತಗೆ ತೇಲುತ್ತಾ ಬಂತು. ಗಂಗರಾಜು ಬ್ಯಾಟ್ ಎತ್ತಲೇ ಇಲ್ಲ.

“ಏನಮ್ಮಾ ಇದು?”

ಪಲ್ಲವಿ ಹುಬ್ಬು ಹಾರಿಸಿದಳು, ಕಣ್ಣು ಮಿಟುಕಿಸಿದಳು. “ಸಾರ್, ಹೊಡೀರಿ ಸಾರ್...”

ಗಾಜಿನ ಚೂರು ಹಿಡಿದು ಬಂದ ಬಸವರಾಜ್ ನಕ್ಕರು. “ಹುಡ್ಗಿ ನಿಮ್ ಕಡೆಯೋಳು ಬುಡಿ ಮೇಷ್ಟ್ರೇ. ನಮ್ಗೆ ಗುಂಡು, ನಿಮ್ಗೆ ಲಾಡು.”

ಅಷ್ಟು ಸಾಕಾಯಿತು. ಗಂಗರಾಜುವಿನ ಕಿವಿ ಕೆಂಪಾದವು. “ಪಲ್ಲವಿ! ಎದುರಿಗೆ ಯಾರೇ ನಿಂತಿರ್ಲಿ ಪೂರ್ತಿ ಹಾಕ್ಬೇಕು ಅಂತ ನಿಂಗೆ ಎಷ್ಟು ಸಲ ಹೇಳಿದೀನಿ? ನನಗೆ ಭಿಕ್ಷೆ ಹಾಕ್ತೀಯಾ? ಹಾಕು, ನೋಡೋಣ!”

ಪಲ್ಲವಿಯ ಕಣ್ಣಲ್ಲಿ ನೀರು ತುಂಬಿತು. ಆದರೆ ಮೇಷ್ಟ್ರ ಮಾತು ಮೀರಿ ಅಭ್ಯಾಸವಿಲ್ಲ. ಹಾಕಿದಳು. ಫಟ್. ಇನ್ನೊಂದು ಹಾಕಿದಳು. ಫಟ್. ಐವತ್ತು ದಾಟಿದ ಗಂಗರಾಜು ಎರಡು ಸಲವೂ ಗಾಳಿಗೆ ಹೊಡೆದು ಒಂದು ಸುತ್ತು ತಿರುಗಿ ನಿಂತರು. ಎಂಥ ಬಾಲು ಹಾಕಿದಳಪ್ಪಾ ಎಂದು ಎದೆಯುಬ್ಬಿತು. ಅದೇ ಎದೆ ಮರುಕ್ಷಣಕ್ಕೆ ಧಸಕ್ಕೆಂದಿತು.

ಭಾನುಪ್ರಕಾಶರಿಗೆ ಶಾಲು ಬಂತು, ಹಾರ ಬಂತು, ಹೆಡ್ ಕೋಚ್ ಎಂದು ಬೆನ್ನ ಮೇಲೆ ಬರೆದ ಕಿತ್ತಳೆ ಜಾಕೆಟ್ ಬಂತು. ಮಾತಾಡಿ ಎಂದು ಯಾರೂ ಹೇಳದಿದ್ದರೂ ಮೈಕಿಲ್ಲದೆಯೇ ಮಾತಾಡಿದರು.

“ಅಧಿಕಾರಕ್ಕೆ ಬಂದ ಕೂಡ್ಲೇ ನಂದೊಂದು ತೀರ್ಮಾನ. ಈ ಪಲ್ಲವಿ ಅನ್ನೋ ಹುಡುಗಿ ಈ ಸಲ ಹೊರಗಿರ್ಲಿ. ಬೇಜಾರು ಮಾಡ್ಕೋಬೇಡಮ್ಮ. ಹುಟ್ಟಿದ್ಮೇಲೆ ಮೊದಲ್ನೇ ಸಲ ಬ್ಯಾಟ್ ಹಿಡಿದೋನು ನಾನು, ನಿನ್ನ ಬಾಲನ್ನ ರಸ್ತೆ ಆಚೆಗೆ ಕಳಿಸಿದೆ. ರಾಜ್ಯಮಟ್ಟದಲ್ಲಿ ಇಂಥ ಪಿಚಿಂಗ್ ನಡೆಯುತ್ತಾ, ನೀವೇ ಹೇಳಿ?”

“ಅನ್ಯಾಯ!” ಗಂಗರಾಜು ಕಿರುಚಿದರು. “ಅವಳ ಬಾಲು ಹೊಡೆಯೋದನ್ನ ನಿಮಗೆ ಹೇಳ್ಕೊಟ್ಟಿದ್ದು ನಾನು ಕಣ್ರೀ! ನಾನು!”

ಸಿದ್ದಯ್ಯನವರು ಸಮಾಧಾನದ ದನಿಯಲ್ಲಿ ಕೇಳಿದರು: “ಹೊಟ್ಟೆಕಿಚ್ಚು ಬೇಡ ಗಂಗರಾಜು. ಅಷ್ಟು ಚೆನ್ನಾಗಿ ಹೇಳ್ಕೊಡೋಕೆ ಬರೋರು, ನೀವ್ಯಾಕೆ ಒಂದೂ ಹೊಡೀಲಿಲ್ಲ?”

ಅಂಥ ಬಾಲು ಹಾಕಲು ಅವಳಿಗೆ ಕಲಿಸಿದ್ದೂ ತಾನೇ ಎಂಬ ಉತ್ತರ ಇತ್ತು. ಅದು ಈ ಜನಕ್ಕೆ ಅರ್ಥವಾಗುವಂಥದ್ದಲ್ಲ ಅನ್ನಿಸಿ ಗಂಗರಾಜು ಬ್ಯಾಟು ಬಾಲುಗಳನ್ನು ಚೀಲಕ್ಕೆ ತುಂಬತೊಡಗಿದರು. ಅಸಿಸ್ಟೆಂಟ್ ಟೀ ಶರ್ಟನ್ನು ಯಾರೋ ಅವರ ಹೆಗಲ ಮೇಲೆ ಹಾಕಿ ಹೋದರು.

ಗುಬ್ಬಿ ಬಸ್ಸಿನಲ್ಲಿ ಪಲ್ಲವಿ ಬ್ಯಾಟಿನ ಚೀಲ ಹಿಡಿದುಕೊಂಡು ಮೇಷ್ಟ್ರ ಪಕ್ಕ ಕೂತಳು. ಊರು ಹತ್ತಿರ ಬಂದಾಗ ಮೂಗು ಒರೆಸಿಕೊಂಡು ಹೇಳಿದಳು: “ಸಾರ್, ಮುಂದಿನ್ ವರ್ಷ ನಾನ್ ಮೆತ್ತಗೆ ಹಾಕ್ತೀನಿ. ದಯವಿಟ್ಟು ನೀವು ಏನೂ ಮಾತಾಡ್ದೆ ಹೊಡ್ದುಬಿಡಿ.”

“ಮೆತ್ತಗೆ ಹಾಕ್ತೀಯಾ?” ಗಂಗರಾಜು ಸೀಟಿನಿಂದ ಎದ್ದೇ ನಿಂತರು. ಕಂಡಕ್ಟರ್ ತಿರುಗಿ ನೋಡಿದ. “ಮೆತ್ತಗೆ? ಯಾರು ಹೇಳ್ಕೊಟ್ರು ನಿಂಗೆ ಇದನ್ನ? ನಾಳೆ ಬೆಳಿಗ್ಗೆ ಬೇಗ ಗ್ರೌಂಡಿಗೆ ಬಾ, ಕೈ ಬಿದ್ದು ಹೋಗೋ ತನಕ ಹಾಕಿಸ್ತೀನಿ!”