ನನ್ನ ಸೈಗಿರುವ ಬೆಲೆ

ಚಿನ್ನದ ಗಣಿಯ ಗುಮಾಸ್ತನ ಹೆಂಡತಿ ಗಾಜಿನ ಬಳೆ ತೊಡಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಇದನ್ನು ನನ್ನ ಹೆಂಡತಿ ಮುನಿರತ್ನಮ್ಮನಿಗೆ ಮೂರು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಅವಳೂ ಮೂರು ವರ್ಷದಿಂದ ಕೇಳಿಸಿಕೊಳ್ಳುತ್ತಾ, ಪಾತ್ರೆ ತೊಳೆಯುವಾಗ ಆ ಗಾಜಿನ ಬಳೆಗಳನ್ನು ಬೇಕೆಂದೇ ಜೋರಾಗಿ ಸದ್ದು ಮಾಡುತ್ತಾ ಬಂದಿದ್ದಾಳೆ.

ಊರಿಗಾಂನ ಟೈಮ್ ಆಫೀಸಿನಲ್ಲಿ ನಾನು ಗುಮಾಸ್ತ. ದಿನಾ ನೂರಾರು ಜನ ಚಿನ್ನ ಅಗೆಯಲು ಭೂಮಿಯೊಳಗೆ ಇಳಿಯುತ್ತಾರೆ. ಎಷ್ಟು ಜನ ಇಳಿದರು, ಎಷ್ಟು ಜನ ಮೇಲೆ ಬಂದರು ಎಂದು ಬರೆಯುವುದು ನನ್ನ ಕೆಲಸ. (ಎರಡೂ ಸರಿಹೊಂದಬೇಕು ಎಂಬುದಷ್ಟೇ ಈ ಉದ್ಯೋಗದ ವೇದಾಂತ.) ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಚಿನ್ನವನ್ನು ನಾನು ಹತ್ತಿರದಿಂದ ಕಂಡದ್ದು ಒಂದೇ ಕಡೆ, ಹೆಂಡತಿಯ ಕೈಯಲ್ಲಿ. ಅದನ್ನೂ ಕಳೆದದ್ದು ನಾನೇ. ಸರಿಯಾಗಿ ಹೇಳಬೇಕೆಂದರೆ, ನನ್ನ ಸೈ.

ನನ್ನ ಸೈ ಬಗ್ಗೆ ಎರಡು ಮಾತು ಹೇಳಲೇಬೇಕು. ‘ವೆಂಕಟರಾಮಪ್ಪ’ ಎಂದು ಬರೆದು, ಕೊನೆಯ ಒತ್ತಿನಿಂದ ಒಂದು ಬಾಲ ಎಳೆದು, ಅದನ್ನು ಹೆಸರಿನ ಕೆಳಗೆಲ್ಲ ಓಡಿಸಿ, ಮತ್ತೆ ಮೇಲೆ ತಂದು ‘ವೆ’ಯ ತಲೆಯ ಮೇಲೆ ಎರಡು ಚುಕ್ಕಿ ಇಟ್ಟರೆ, ನೋಡಿದವರು ಇದು ಯಾರೋ ಸೂಪರಿಂಟೆಂಡೆಂಟರ ಸೈ ಎಂದುಕೊಳ್ಳಬೇಕು. ಹಾಗೆಂದೇ ಸಾಲಕ್ಕೆ ಜಾಮೀನು ಬೇಕಾದವರೆಲ್ಲ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. “ನಿಮ್ಮ ಸೈ ಬಿದ್ರೆ ಸಾಕು ಸಾರ್” ಎಂದ ಮೇಲೆ ಇಲ್ಲ ಎನ್ನಲು ನನ್ನದೇನು ಕಲ್ಲಿನ ಹೃದಯವೇ?

ಮೂರು ವರ್ಷದ ಹಿಂದೆ ಹೀಗೆ ಬಂದವನು ಕದಿರಪ್ಪ. ನಮ್ಮ ನೌಕರರ ಸೊಸೈಟಿಯಲ್ಲಿ ನನ್ನ ಜಾಮೀನಿನ ಮೇಲೆ ನಾನೂರು ರೂಪಾಯಿ ಸಾಲ ಪಡೆದು, ಒಂದು ಬೆಳಿಗ್ಗೆ ಮಾರಿಕುಪ್ಪಂನಲ್ಲಿ ಹೆಂಡತಿ ಮಕ್ಕಳ ಸಮೇತ ರೈಲು ಹತ್ತಿದ. ಎಲ್ಲಿ ಇಳಿದನೋ ಇವತ್ತಿಗೂ ಗೊತ್ತಿಲ್ಲ. ಸೊಸೈಟಿ ನನ್ನ ಕಡೆ ತಿರುಗಿತು. ನಾನು ಹೆಂಡತಿಯ ಕಡೆ ತಿರುಗಿದೆ. ಅವಳ ನಾಲ್ಕು ಚಿನ್ನದ ಬಳೆಗಳು ರಾಬರ್ಟ್‌ಸನ್‌ಪೇಟೆಯ ಸೇಠ್ ಅಂಗಡಿಗೆ ಒತ್ತೆಯಾಗಿ ಹೋದವು. ಬಡ್ಡಿ ಬೆಳೆದು, ಗಡುವು ದಾಟಿ, ಅಲ್ಲೇ ಮುಳುಗಿದವು.

ಇಷ್ಟಾದರೂ ಸಂಸಾರ ನಡೆಯುತ್ತಿತ್ತು. ಅಷ್ಟರಲ್ಲಿ ಬಂಗಾರಪೇಟೆಯಲ್ಲಿ ಅವಳ ಕಿರಿಯ ತಂಗಿಯ ಮದುವೆ ಗೊತ್ತಾಯಿತು.

“ಗಾಜಿನ ಬಳೆ ಆಕ್ಕೊಂಡು ತೌರ್ಮನೆ ಮದುವೆಗೆ ನಾನು ಬರಾಕಿಲ್ಲ” ಎಂದಳು ಮುನಿರತ್ನಮ್ಮ. “ನೀವೊಬ್ರೇ ಓಗಿ ಉಂಡ್ಕೊಂಡು ಬನ್ನಿ.”

“ಸ್ವಂತ ತಂಗಿಯ ಮದುವೆಗೆ ಹೋಗದೇ ಇರ್ತೀಯಾ?”

“ಬಂದ್ರೆ ನಮ್ಮಮ್ಮ ಕೇಳಾಕಿಲ್ವಾ, ನಾನು ಕೊಟ್ಟ ಬಳೆ ಎಲ್ಲೇ ಅಂತ? ಕದಿರಪ್ಪನ ಜೊತೆ ರೈಲು ಅತ್ತಿದ್ವು ಅನ್ಲಾ?”

ನಾನು ಪೇಪರ್ ಮಡಚಿಟ್ಟೆ. ಅವಳ ದನಿಯಲ್ಲಿ ಜಗಳವಿರಲಿಲ್ಲ, ಅದಕ್ಕೇ ನನಗೆ ಭಯವಾದದ್ದು. ಸೆರಗಿನ ತುದಿಯಿಂದ ಗಾಜಿನ ಬಳೆಗಳನ್ನು ಮುಚ್ಚಿಕೊಂಡು, “ನಮ್ ಬಚ್ಚಪ್ಪನ್ನ ಒಂದು ಮಾತು ಕೇಳಿ. ಇಲ್ಲ ಅನ್ನಾಕಿಲ್ಲ ಅವ್ನು” ಎಂದಳು.

ಬಚ್ಚಪ್ಪ ಅಂದರೆ ಅವಳ ತಮ್ಮ, ನನ್ನ ಭಾವಮೈದ. ಬಂಗಾರಪೇಟೆಯಲ್ಲಿ ಹುಣಿಸೆಹಣ್ಣಿನ ಮಂಡಿ ಇಟ್ಟು ದುಡ್ಡು ಕಂಡವನು. ಗಡಿಯಾರವನ್ನು ಶರ್ಟಿನ ತೋಳಿನ ಮೇಲೆ ಕಟ್ಟುವ ಜಾತಿ. ನನ್ನ ಮದುವೆಯಲ್ಲಿ ಇದೇ ಬಚ್ಚಪ್ಪ ನನ್ನ ತೊಡೆಯ ಮೇಲೆ ಕೂತು ರೇಷ್ಮೆ ಪಂಚೆ ಒದ್ದೆ ಮಾಡಿದ್ದ. ಅಂಥವನ ಮುಂದೆ ನಾನು ಕೈಚಾಚುವುದೇ?

“ಪ್ರಾಣ ಹೋದರೂ ಇಲ್ಲ!” ಎಂದು ಗರ್ಜಿಸಿದೆ. “ಈ ವೆಂಕಟರಾಮಪ್ಪ ತನ್ನ ಸ್ವಂತ ಅರ್ಹತೆಯ ಮೇಲೆ ಸಾಲ ತರುತ್ತಾನೆ. ನಿನ್ನ ಕೈಗೆ ನಾಲ್ಕು ಬಳೆ ಹಾಕಿಯೇ ಬಂಗಾರಪೇಟೆ ರೈಲು ಹತ್ತಿಸುತ್ತಾನೆ!”

“ಯಾರು ಕೊಡ್ತಾರೆ?”

“ಯಾರಿಂದ ತೆಗೆದುಕೊಳ್ಳಲಿ ಎಂದು ಕೇಳು!”

ಅಂದೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ತುಲನಾತ್ಮಕ ಪಟ್ಟಿ ತಯಾರಾಯಿತು. ಸೊಸೈಟಿ, ಬ್ಯಾಂಕು, ಸೇಠ್ ಎಂದು ಮೂರು ಸಾಲು. ಬಡ್ಡಿ, ಕಂತು, ಅರ್ಹತೆ ಎಂದು ಮೂರು ಕಲಂ. ಬಡ್ಡಿಯ ಕಲಮಿನಲ್ಲಿ ಸೊಸೈಟಿ ಎಲ್ಲರಿಗಿಂತ ಕಡಿಮೆ, ಸೇಠ್ ಎಲ್ಲರಿಗಿಂತ ಹೆಚ್ಚು, ಬ್ಯಾಂಕು ನಡುವೆ. ಕಂತಿನ ಕಲಂ ತುಂಬಲು ಒಂದು ಗಂಟೆ ಹಿಡಿಯಿತು. ಅರ್ಹತೆಯ ಕಲಮಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಮೂರೂ ಕಡೆ ‘ಧಾರಾಳವಾಗಿ ಇದೆ’ ಎಂದು ಬರೆದೆ.

ಮೊದಲು ಸೊಸೈಟಿಗೆ ಹೋದೆ. ಕಾರ್ಯದರ್ಶಿಗಳು ನನ್ನನ್ನು ಕೂರಿಸಿ, ಚಹಾ ತರಿಸಿ, ದಪ್ಪನೆಯ ರಿಜಿಸ್ಟರಿನಲ್ಲಿ ನನ್ನ ಹೆಸರು ಹುಡುಕಿದರು. ಹುಡುಕಿದ ಮೇಲೆ ಚಹಾ ನನ್ನಿಂದ ಸ್ವಲ್ಪ ದೂರ ಸರಿಯಿತು.

“ಆರುಮುಗಂಗೆ ಜಾಮೀನು ಹಾಕಿದ್ದೀರಲ್ಲ?”

“ಹೌದು. ಪಾಪ, ಮನೆ ಸೋರುತ್ತಿತ್ತು.”

“ಮುನಿಶಾಮಿಗೂ?”

“ಅವನ ಹಸು ಸತ್ತಿತ್ತು.”

“ಇಬ್ಬರಿಗಿಂತ ಹೆಚ್ಚು ಹಾಕೋ ಹಾಗಿಲ್ಲ. ಇಬ್ಬರಿಗೆ ಹಾಕಿದವರು ಅವರ ಸಾಲ ತೀರೋ ತನಕ ತಾವು ಸಾಲ ಕೇಳೋ ಹಾಗಿಲ್ಲ. ರೂಲು ಸಾರ್.”

“ಅಂದರೆ ನನ್ನ ಸೈ ಮೇಲೆ ಊರಿಗೆಲ್ಲ ಸಾಲ ಸಿಗುತ್ತೆ, ನನಗೆ ಸಿಗಲ್ಲ?”

“ಅದೇ ಸಾರ್” ಎಂದು ಅವರು ಸಂತೋಷದಿಂದ ತಲೆಯಾಡಿಸಿದರು, ದಡ್ಡ ಹುಡುಗ ಕೊನೆಗೂ ಲೆಕ್ಕ ಬಿಡಿಸಿದ್ದಕ್ಕೆ ಮೇಷ್ಟ್ರು ಆಡಿಸುವ ಹಾಗೆ.

ಹೊರಗೆ ಆರುಮುಗಂ ಸಿಕ್ಕಿದ. “ಸಾರ್, ನಿಮ್ಮ ದಯದಿಂದ ಮನೆ ಈಗ ಒಂದು ಹನಿ ಸೋರಲ್ಲ” ಎಂದು ಕೈಮುಗಿದ. ನನ್ನ ಮೈಯೆಲ್ಲ ಉರಿಯಿತು. ಆದರೂ ಆಶೀರ್ವಾದ ಮಾಡುವ ಭಂಗಿಯಲ್ಲಿ ಕೈ ತಾನಾಗಿಯೇ ಮೇಲೆ ಹೋಯಿತು.

ಸೇಠ್ ಅಂಗಡಿಯಲ್ಲಿ ಮಾತುಕತೆ ಇನ್ನೂ ಚಿಕ್ಕದು.

“ಏನು ತಂದಿದ್ದೀರಿ?”

“ನಾನೇ ಬಂದಿದ್ದೇನೆ.”

ಸೇಠ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಅವನ ದೃಷ್ಟಿ ನನ್ನ ಛತ್ರಿಯ ಹತ್ತಿರ ಒಂದು ಕ್ಷಣ ನಿಂತು, ಮುಂದೆ ಹೋಯಿತು. ಅಷ್ಟೆ.

ಹೋಗಲಿ, ಬ್ಯಾಂಕು ಉಳಿದಿತ್ತಲ್ಲ! ಮಾರನೆಯ ದಿನ ಕೋಟು ಹಾಕಿಕೊಂಡು, ಸಂಬಳದ ಸರ್ಟಿಫಿಕೇಟು ಹಿಡಿದು ಹೋದೆ. ಬ್ಯಾಂಕಿನ ಮುಖ್ಯಸ್ಥರಾದ ಏಜೆಂಟರು ಮರ್ಯಾದಸ್ಥರು.

“ಸ್ವಂತ ಮನೆ?”

“ಕಂಪನಿ ಕ್ವಾರ್ಟರ್ಸು.”

“ಜಮೀನು, ಅಂಗಡಿ?”

“ಇಲ್ಲ.”

“ಪರವಾಗಿಲ್ಲ. ಚಿನ್ನ ಇದ್ದರೆ ತನ್ನಿ, ಈ ಕ್ಷಣ ಸಾಲ ಕೊಡ್ತೀನಿ.”

“ಸ್ವಾಮಿ, ಚಿನ್ನ ಕೊಳ್ಳುವುದಕ್ಕೇ ಸಾಲ ಕೇಳುತ್ತಿರುವುದು.”

“ಅದಕ್ಕೆ ಮೊದಲು ಚಿನ್ನ ಇರಬೇಕಲ್ಲ” ಎಂದರು ಏಜೆಂಟರು, ಬಹಳ ಕನಿಕರದಿಂದ. ನಾನು ಏಳುವಾಗ ಸರ್ಟಿಫಿಕೇಟನ್ನು ಇನ್ನೊಮ್ಮೆ ನೋಡಿ, “ಆದರೆ ಹತ್ತೊಂಬತ್ತು ವರ್ಷ ಖಾಯಂ ಸರ್ವೀಸು! ಆಸ್ತಿ ಇರೋರು ಯಾರಾದರೂ ಸಾಲ ಕೇಳಿದರೆ, ಜಾಮೀನಿಗೆ ನಿಮ್ಮಂಥವರು ಸಿಗೋದು ಅಪರೂಪ” ಎಂದರು.

ಸೋತು ಬಂದೆ ಎಂದುಕೊಂಡಿರಾ? ಆ ಮಾತನ್ನು ಮನೆಗೆ ಬಂದು ಹೆಂಡತಿಯ ಮುಂದೆ ಎರಡು ಸಲ ಹೇಳಿದೆ. ಎರಡನೆಯ ಸಲ ಏಜೆಂಟರು ಎದ್ದು ನಿಂತು ಹೇಳಿದಂತೆ ಸ್ವಲ್ಪ ತಿದ್ದಿದೆ.

ಮುನಿರತ್ನಮ್ಮ ಸೊಪ್ಪು ಬಿಡಿಸುತ್ತಿದ್ದವಳು ನಿಲ್ಲಿಸಿದಳು. “ಅಂಗಾದ್ರೆ ನಿಮ್ ಸೈ ಬ್ಯಾಂಕಿಗೂ ಆಯ್ತದೆ?”

“ಆಗೋದೇನು, ಕಾಯ್ತಾ ಇದ್ದಾರೆ!”

“ಸರಿ ಬಿಡಿ” ಎಂದು ಮತ್ತೆ ಸೊಪ್ಪು ಬಿಡಿಸತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, “ಮದುವೆಗೆ ಬತ್ತೀನಿ. ತಂಗಿ ಮದುವೆ ಬಿಡಾಕಾಯ್ತದಾ” ಎಂದಳು. ನನ್ನ ಛಲಕ್ಕೆ ಅವಳು ಮಣಿದಳೆಂದು ನಾನು ಒಳಗೊಳಗೇ ಬೀಗಿದೆ.

ಮುಂದಿನ ಭಾನುವಾರ ಬಾಗಿಲಲ್ಲಿ ಯಾರು? ಬಚ್ಚಪ್ಪ! ಒಂದು ಕೈಯಲ್ಲಿ ಹುಣಿಸೆಹಣ್ಣಿನ ಬುಟ್ಟಿ, ಇನ್ನೊಂದರಲ್ಲಿ ಕಾಗದದ ಕಟ್ಟು. ಗಡಿಯಾರ ಅಂದು ತೋಳಿನ ಒಳಗಿತ್ತು.

“ಬಾವ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು” ಎಂದು ಚಾಪೆಯ ಅಂಚಿನಲ್ಲಿ ಕೂತ. “ಬ್ಯಾಂಕಲ್ಲಿ ಐನೂರು ಸಾಲ ಕೇಳಿದೀನಿ. ಮಂಡಿ ಯಾಪಾರ ಏಳ್ತದೆ ಬೀಳ್ತದೆ, ತಿಂಗಳ ಸಂಬಳ ಇರೋರ ಜಾಮೀನು ತತ್ತಾ ಅಂತಾರೆ. ಬಂಗಾರಪೇಟೆ ಪೂರಾ ಉಡುಕ್ದೆ ಬಾವ, ನಿಮ್ಮಂಥೋರು ಇಲ್ಲ.”

ಓದುಗರೇ, ನನ್ನ ಜಾಗದಲ್ಲಿ ನಿಮ್ಮನ್ನು ಇಟ್ಟುಕೊಳ್ಳಿ. ಯಾರ ಮುಂದೆ ಕೈಚಾಚೆನೆಂದು ಶಪಥ ಮಾಡಿದ್ದೆನೋ ಅವನೇ ನನ್ನ ಮುಂದೆ ಕೈಚಾಚಿ ಕೂತಿದ್ದಾನೆ! ಆ ಒದ್ದೆ ರೇಷ್ಮೆ ಪಂಚೆ ಇಷ್ಟು ವರ್ಷದ ಮೇಲೆ ಅಂದು ಒಣಗಿತು.

“ಸಾಲ ಯಾತಕ್ಕೆ?” ಎಂದೆ, ಏಜೆಂಟರ ಗತ್ತಿನಲ್ಲಿ.

“ಮದುವೆ ಕಾಲ ಬಾವ, ಎಣ್ಮಕ್ಕಳ ಕರ್ಚು ಇದ್ದೇ ಇರ್ತದೆ. ಎಲ್ಲಾ ಅದ್ರಲ್ಲಿ ಬರ್ದದೆ, ಓದ್ಕೊಳ್ಳಿ.”

“ಓದಿ ನೋಡಿ ಸೈ ಆಕಿ” ಎಂದು ಒಳಗಿನಿಂದ ಮುನಿರತ್ನಮ್ಮ ಕೂಗಿದಳು. ಕದಿರಪ್ಪನ ಕಾಗದವನ್ನೂ ಓದದೆ ಹಾಕಿದ್ದೆನೆಂದು ಅವಳ ಚುಚ್ಚು ಮಾತು.

“ನಮ್ಮ ಮನೆ ಹುಡುಗನ ಕಾಗದ ಓದಬೇಕೇ? ನನಗೆ ಹೇಳಿಕೊಡಬೇಡ!” ಎಂದು ಪೆನ್ನಿನ ಮುಚ್ಚಳ ತೆಗೆದೆ. ಎರಡು ಕಡೆ ಸೈ ಮಾಡಿದೆ. ಬಾಲ ಎಷ್ಟು ಉದ್ದ ಬಂತೆಂದರೆ ಪಕ್ಕದ ‘ಸಾಲದ ಉದ್ದೇಶ’ ಎಂಬ ಸಾಲನ್ನು ಸುತ್ತು ಹಾಕಿಕೊಂಡು ಬಂತು.

ಮದುವೆಯ ದಿನ ಮುಯ್ಯಿ ಪುಸ್ತಕ ಎಂದಿನಂತೆ ನನ್ನ ಪಾಲಿಗೆ ಬಂತು. ಯಾರು ಏನು ಉಡುಗೊರೆ ಕೊಟ್ಟರು ಎಂದು ಬರೆದುಕೊಳ್ಳಲು ನೆಂಟರಲ್ಲಿ ನನ್ನಷ್ಟು ಅಂದದ ಅಕ್ಷರ ಯಾರದು? ಚಪ್ಪರದ ಕೆಳಗೆ ಕಾಲು ಮಡಚಿ ಕೂತು, ಪಾಪಕ್ಕ ಹಿತ್ತಾಳೆ ಬಿಂದಿಗೆ, ಅಮ್ಮಾಜಮ್ಮ ಎರಡು ರೂಪಾಯಿ ಎಂದು ಬರೆಯುತ್ತಿದ್ದೆ. ಅತ್ತೆ ಮುತ್ಯಾಲಮ್ಮ ಎದ್ದು ನಿಂತು ದೊಡ್ಡ ದನಿ ತೆಗೆದರು.

“ಬರ್ಕೊಳಿ ಅಳಿಯಂದ್ರೆ! ನನ್ನ ಮಗ ಬಚ್ಚಪ್ಪ, ದೊಡ್ಡಕ್ಕ ಮುನಿರತ್ನಂಗೆ ತೌರ್ಮನೆ ಉಡುಗೊರೆ, ಚಿನ್ನದ ಬಳೆ ನಾಲ್ಕು!”

ನಾನು ‘ಬಚ್ಚಪ್ಪ’ ಎಂದು ಬರೆದಿದ್ದೆ. ‘ಬಳೆ’ ಎಂಬಲ್ಲಿ ಪೆನ್ನು ನಿಂತಿತು. ತಲೆಯೆತ್ತಿದರೆ ಎದುರಿಗೆ ಮುನಿರತ್ನಮ್ಮ. ಎರಡೂ ಕೈ ಮುಂದೆ ಚಾಚಿ, ಬಳೆಗಳನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮೂರು ವರ್ಷದಿಂದ ಆ ಮುಖದಲ್ಲಿ ಕಾಣದ ನಗೆ.

“ಅಕ್ಕನ ಕೈ ಬರಿದಾಗಿರೋದು ನೋಡ್ನಾರ್ದೆ ಬ್ಯಾಂಕಲ್ಲಿ ಸಾಲ ಮಾಡವ್ನೆ ನನ್ ಮಗ” ಎಂದು ಅತ್ತೆ ಸುತ್ತಲಿನ ಹೆಂಗಸರಿಗೆಲ್ಲ ಸಾರಿದರು. ಹಿಂದಿನಿಂದ ಯಾರೋ, “ಅಳಿಯಂದ್ರು ಏನಾಕವ್ರೆ?” ಎಂದು ಕೇಳಿದರು.

“ಸೈ ಆಕವ್ರೆ” ಎಂದಳು ನನ್ನ ಹೆಂಡತಿ.

ಚಪ್ಪರವೆಲ್ಲ ನಕ್ಕಿತು. ನನ್ನ ಪಕ್ಕಕ್ಕೆ ಬಂದು ಕೂತ ಬಚ್ಚಪ್ಪ ನಗಲಿಲ್ಲ. ಕಿವಿಯ ಹತ್ತಿರ ಬಾಗಿ, “ಬಾವ, ಈ ಸಲ ಹುಣಿಸೆಹಣ್ಣು ರೇಟು ಬಿದ್ದೋಗದೆ. ಮೊದಲ್ನೇ ಎರಡು ಕಂತು ನೀವು ಒಸಿ ನೋಡ್ಕೊಂಡ್ರೆ…” ಎಂದ.

ಎದ್ದು ಹೋಗಬೇಕೆನಿಸಿತು. ಆದರೆ ಆ ಬಳೆಗಳನ್ನು ಇನ್ನೊಮ್ಮೆ ನೋಡಿದೆ. ಯಾರು ಏನೇ ಅನ್ನಲಿ, ನಾನು ಆಡಿದ ಮಾತು ನಿಂತಿತ್ತು: ಅವಳ ಕೈಗೆ ಚಿನ್ನ ಬಂದದ್ದು ನನ್ನ ಅರ್ಹತೆಯ ಮೇಲೆಯೇ. ರೈಲು ಹತ್ತುವ ಮೊದಲು ಬರಲಿಲ್ಲ, ಇಳಿದ ಮೇಲೆ ಬಂತು, ಅಷ್ಟೇ ವ್ಯತ್ಯಾಸ.

“ಬರೆದೋರು ಸೈ ಆಕ್ಬೇಕು” ಎಂದು ಹಿರಿಯರು ಪುಟದ ಕೊನೆ ತೋರಿಸಿದರು. ಮುನಿರತ್ನಮ್ಮ ಹತ್ತಿರ ಬಂದು ನಿಂತಳು. ಈ ಸಲ ಮೊದಲಿಂದ ಕೊನೆಯವರೆಗೆ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದೆ. ಆಮೇಲೆ ಸೈ ಮಾಡಿದೆ. ಬಾಲವನ್ನು ಮಾತ್ರ ಒಂದು ನೂಲಿನಷ್ಟೂ ಗಿಡ್ಡ ಮಾಡಲಿಲ್ಲ.